ಸಿದ್ಧ ಪ್ಯಾಕೇಜಿನಿಂದ ಡೆಬಿಯನ್ 12ರ ಕರ್ನೆಲ್ ನವೀಕರಣ

2023ರಲ್ಲಿ ‘ಬುಕ್‌ವರ್ಮ್’ ಎಂಬ ಹೆಸರಿನಲ್ಲಿ ಬಿಡುಗಡೆಯಾದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಡೆಬಿಯನ್ 12 ತನ್ನೊಂದಿಗೆ 6.1 ಸರಣಿಯ ಕರ್ನೆಲ್ ಅನ್ನು, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು ತಂತ್ರಾಂಶವನ್ನು, ತರುತ್ತದೆ. ಹೊಸ ಲ್ಯಾಪ್‌ಟಾಪಿನ ವೈಫೈ ಅದರಲ್ಲಿ ನಡೆಯದಿದ್ದರೆ, ಕರ್ನೆಲ್ ಅನ್ನು ಸ್ವತಃ ಕಂಪೈಲ್ ಮಾಡುವ ಶ್ರಮವಿಲ್ಲದೆ, ಹೊಸ ಆವೃತ್ತಿಗಳನ್ನು ಡೆಬಿಯನ್ 12ಕ್ಕೆ ಹೊಂದಿಸಿ ಕೊಡುವ ಬ್ಯಾಕ್‌ಪೋರ್ಟ್ಸ್ ಭಂಡಾರದ ಸಿದ್ಧ ಪ್ಯಾಕೇಜನ್ನೇ ಹಾಕಿಕೊಳ್ಳಬಹುದು.

ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ‘ಯುನೇಮ್ -ಆರ್’ ಆದೇಶ ತೋರಿಸುವ ಈಗಿನ ಆವೃತ್ತಿಯನ್ನು ಬರೆದಿಟ್ಟುಕೊಂಡು, ‘ಡಿಎಫ್ -ಎಚ್’ ಮೂಲಕ ಬೂಟ್ ವಿಭಾಗದಲ್ಲಿ ಜಾಗವಿದೆಯೇ ನೋಡಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ, ಮತ್ತು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಬೇಕಾಗುವ ಕಡತ) ಬರೆಯುವ ಹೊತ್ತಿಗೆ ಯಂತ್ರ ಆರಿದರೆ ಹೊಸ ಕರ್ನೆಲ್ ಬೂಟ್ ಆಗದಿರಬಹುದಾದ್ದರಿಂದ, ಡೆಸ್ಕ್‌ಟಾಪಿಗೆ ಯುಪಿಎಸ್ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ಯಾಕೇಜುಗಳನ್ನು ಸ್ಥಾಪಿಸುವ ಸಾಧನವಾದ ಆಪ್ಟ್‌ನ ಮೂಲಗಳ ಪಟ್ಟಿಗೆ ‘ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್’ ಸೇರಿಸಿ, ‘ಆಪ್ಟ್ ಅಪ್‌ಡೇಟ್’ ನಡೆಸಿ. ಬಳಿಕ ‘-ಟಿ’ ಆಯ್ಕೆಯೊಂದಿಗೆ ಆ ಭಂಡಾರವನ್ನು ಹೆಸರಿಸಿ ‘ಲಿನಕ್ಸ್-ಇಮೇಜ್-ಎಎಂಡಿ64’ ಪ್ಯಾಕೇಜನ್ನು ಸ್ಥಾಪಿಸಿ. ಎನ್‌ವಿಡಿಯಾದಂತಹ ಹೊರಗಿನ ಡ್ರೈವರು ಡಿಕೆಎಂಎಸ್ (ಪ್ರತಿ ಕರ್ನೆಲ್‌ಗೂ ಡ್ರೈವರನ್ನು ಮತ್ತೆ ಕಟ್ಟುವ ವ್ಯವಸ್ಥೆ) ಮೂಲಕ ಬಂದಿದ್ದರೆ ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಕೂಡ ಬೇಕು. ಇಲ್ಲವಾದರೆ ಹೊಸ ಕರ್ನೆಲ್‌ಗೆ ಆ ಡ್ರೈವರು ಸಿದ್ಧವಾಗದು. ವೈಫೈಗೆ ಹೊಸ ಫರ್ಮ್‌ವೇರ್ (ಸಾಧನದೊಳಗೆ ನಡೆಯುವ ತಂತ್ರಾಂಶ) ಪ್ಯಾಕೇಜೂ ಬೇಕಾಗಬಹುದು.

ಹಳೆಯ ಕರ್ನೆಲ್ ಅನ್ನು ಕೂಡಲೇ ಅಳಿಸಬೇಡಿ. ಹೊಸದು ಏಳದಿದ್ದರೆ ಯಂತ್ರ ಶುರುವಾಗುವಾಗ ಕಾಣುವ ಗ್ರಬ್ ಮೆನುವಿನ ಹೆಚ್ಚಿನ ಆಯ್ಕೆಗಳಲ್ಲಿ ಹಳೆಯದನ್ನೇ ಆರಿಸಿಕೊಂಡು ಕೆಲಸ ಮುಂದುವರಿಸಬಹುದು. ಧ್ವನಿ, ವೈಫೈ, ನಿದ್ರೆಯಿಂದ ಏಳುವಿಕೆ ಎಲ್ಲವೂ ಕೆಲವು ದಿನ ಸರಿಯಾಗಿ ನಡೆದ ಮೇಲೆಯೇ ಬೇಡವಾದ ಪ್ಯಾಕೇಜುಗಳನ್ನು ಅಳಿಸುವ ‘ಆಪ್ಟ್ ಆಟೋರಿಮೂವ್’ ನಡೆಸಿ.