ಶಾಲೆಯ ಕಂಪ್ಯೂಟರ್ ಕೊಠಡಿಗೆ ನೆಟ್‌ವರ್ಕ್ ಸ್ವಿಚ್ ಜೋಡಿಸುವ ಬಗೆ

ರಾಯಚೂರು ಜಿಲ್ಲೆಯ ನಮ್ಮ ಪ್ರೌಢಶಾಲೆಯಲ್ಲಿ ಇಂಟರ್‌ನೆಟ್ ಬಂದು ನಿಲ್ಲುವುದು ಮುಖ್ಯಗುರುಗಳ ಕೋಣೆಯ ರೂಟರ್‌ನಲ್ಲಿ. ಅದಕ್ಕಿರುವ ಲ್ಯಾನ್ ಪೋರ್ಟ್‌ಗಳು, ಅಂದರೆ ಶಾಲೆಯೊಳಗಿನ ಯಂತ್ರಗಳ ಕೇಬಲ್ ಸಿಕ್ಕಿಸುವ ಕಿಂಡಿಗಳು, ನಾಲ್ಕು. ಕಂಪ್ಯೂಟರ್ ಕೊಠಡಿಯಲ್ಲಿರುವ ಯಂತ್ರಗಳು ಹನ್ನೆರಡು, ಮೇಲೆ ಒಂದು ಪ್ರಿಂಟರ್ ಮತ್ತು ಶಿಕ್ಷಕರ ಕಂಪ್ಯೂಟರ್. ನಡುವೆ ದಪ್ಪನೆಯ ಕಲ್ಲಿನ ಗೋಡೆ ಇರುವುದರಿಂದ ವೈಫೈ ಅಲ್ಲಿಗೆ ತಲುಪುವುದು ಕಷ್ಟ. ಈ ಕೊರತೆ ನೀಗಲು ನೆಟ್‌ವರ್ಕ್ ಸ್ವಿಚ್, ಅಂದರೆ ರೂಟರ್‌ನ ಒಂದು ಪೋರ್ಟಿನ ಸಂಪರ್ಕವನ್ನು ಹಲವು ಯಂತ್ರಗಳಿಗೆ ಹಂಚುವ ಪೆಟ್ಟಿಗೆ, ಬೇಕು. ಅದನ್ನು ಜೋಡಿಸುವುದು ಹತ್ತು ನಿಮಿಷದ ಕೆಲಸ. ಆದರೆ ಅದನ್ನು ಎಲ್ಲಿಡಬೇಕು, ಕೇಬಲ್ ಯಾವ ದಾರಿಯಲ್ಲಿ ಹೋಗಬೇಕು ಎಂದು ನಿರ್ಧರಿಸುವುದಕ್ಕೆ ಶನಿವಾರದ ಇಡೀ ಮಧ್ಯಾಹ್ನ ಮೀಸಲಿಡುವುದು ಒಳ್ಳೆಯದು.

ಮೊದಲು ಪೋರ್ಟ್‌ಗಳ ಲೆಕ್ಕ. ಸ್ವಿಚ್ಚಿನ ಒಂದು ಪೋರ್ಟ್ ರೂಟರ್‌ನಿಂದ ಬರುವ ಕೇಬಲ್ಲಿಗೇ ಹೋಗುವುದರಿಂದ 8 ಪೋರ್ಟ್‌ಗಳ ಸ್ವಿಚ್ಚಿಗೆ ಏಳು ಸಾಧನಗಳನ್ನಷ್ಟೇ ಜೋಡಿಸಬಹುದು. ಅಂಥ ಎರಡನ್ನು ಒಂದರ ಹಿಂದೊಂದು ಜೋಡಿಸಿದರೆ ಹದಿನಾಲ್ಕು ಸಿಗುತ್ತವೆ ಎಂದು ಅನೇಕರು ಭಾವಿಸುತ್ತಾರೆ. ಅವೆರಡರ ನಡುವಿನ ಕೇಬಲ್ ಇನ್ನೂ ಎರಡು ಪೋರ್ಟ್‌ಗಳನ್ನು ತಿನ್ನುವುದರಿಂದ ಉಳಿಯುವುದು ಹದಿಮೂರೇ. ನಮ್ಮ ಹದಿನಾಲ್ಕು ಸಾಧನಗಳಿಗೆ 16 ಪೋರ್ಟ್‌ಗಳದು ಸಾಕಾದರೂ ಮಿಗುವುದು ಒಂದೇ ಆದ್ದರಿಂದ, ಮುಂದೆ ಯಂತ್ರಗಳು ಹೆಚ್ಚುವ ನಿರೀಕ್ಷೆಯಿರುವ ಶಾಲೆ 24 ಪೋರ್ಟ್‌ಗಳದ್ದನ್ನೇ ಕೊಳ್ಳಬಹುದು. ಸೆಟ್ಟಿಂಗ್ ಮಾಡುವ ಅಗತ್ಯವಿಲ್ಲದ ಸಾದಾ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್ ವೇಗದ) ಸ್ವಿಚ್ ಶಾಲೆಗೆ ಧಾರಾಳವಾಗಿ ಸಾಕು. ಸ್ವಿಚ್ ಹಾಕಿದ ಮಾತ್ರಕ್ಕೆ ಇಂಟರ್‌ನೆಟ್ ವೇಗ ಹೆಚ್ಚುವುದಿಲ್ಲ ಎಂಬುದನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ತಿಳಿಸಿಬಿಡುವುದು ಮೇಲು. ಬರುವ ವೇಗವನ್ನು ಎಲ್ಲ ಯಂತ್ರಗಳೂ ಹಂಚಿಕೊಳ್ಳುತ್ತವೆ, ಅಷ್ಟೇ.

ಸ್ವಿಚ್ ಇಡುವ ಜಾಗದ ವಿಷಯದಲ್ಲಿ ನಮ್ಮ ಕಡೆಯವರು ಹೆಚ್ಚು ಎಚ್ಚರ ವಹಿಸಬೇಕು. ಸಾದಾ ಸ್ವಿಚ್‌ಗಳಲ್ಲಿ ಬಹಳಷ್ಟನ್ನು 40 ಡಿಗ್ರಿವರೆಗಿನ ಉಷ್ಣಾಂಶಕ್ಕೆ ತಯಾರಿಸಿರುತ್ತಾರೆ. ರಾಯಚೂರಿನ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ ಆ ಮಿತಿಯನ್ನು ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ, ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಇಟ್ಟರೆ ಏಪ್ರಿಲ್, ಮೇ ತಿಂಗಳಲ್ಲಿ ಅದು ಕೈಕೊಡುವುದು ಆಶ್ಚರ್ಯವಲ್ಲ. ಎದೆಯೆತ್ತರಕ್ಕಿಂತ ತುಸು ಮೇಲೆ, ಬಿಸಿಲು ಬೀಳದ ಒಳಗೋಡೆಗೆ, ಗಾಳಿ ಆಡುವಂತೆ ಕೂಡಿಸಿ, ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಧೂಳು ಒರೆಸಬೇಕು. ರೂಟರ್ ಮತ್ತು ಸ್ವಿಚ್ ಎರಡಕ್ಕೂ ಯುಪಿಎಸ್‌ನಿಂದಲೇ ವಿದ್ಯುತ್ ಕೊಟ್ಟರೆ ಕರೆಂಟ್ ಹೋಗಿ ಬಂದಾಗಲೆಲ್ಲ ಸಂಪರ್ಕ ಕಡಿಯುವ ಕಾಟ ತಪ್ಪುತ್ತದೆ.

ಕೇಬಲ್ ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯದಿರಲಿ. ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಬೇಡ. ತುದಿಯನ್ನು ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಶುದ್ಧ ತಾಮ್ರವಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ 100 ಮೀಟರ್ ಮೀರುವಂತಿಲ್ಲ, ಮತ್ತು ಗೋಡೆಯ ಮೇಲೆ ಹತ್ತಿ ಇಳಿಯುವ ಉದ್ದವೂ ಈ ಲೆಕ್ಕಕ್ಕೆ ಸೇರುತ್ತದೆ. ಪಿವಿಸಿ ಪಟ್ಟಿಯೊಳಗೆ ಎಳೆಯುವಾಗ ವಿದ್ಯುತ್ ವೈರಿನ ಜೊತೆ ಒಂದೇ ಪಟ್ಟಿಯಲ್ಲಿ ಹಾಕಬಾರದು. ಮೈದಾನ ದಾಟಿ ಇನ್ನೊಂದು ಕಟ್ಟಡಕ್ಕೆ ಸಂಪರ್ಕ ಬೇಕಿದ್ದರೆ ತಾಮ್ರದ ಕೇಬಲ್ಲನ್ನು ಕಂಬದಿಂದ ಕಂಬಕ್ಕೆ ಎಳೆಯದೆ ಫೈಬರ್ (ಬೆಳಕಿನ ಮೂಲಕ ಸಂದೇಶ ಸಾಗಿಸುವ ಗಾಜಿನೆಳೆಯ ಕೇಬಲ್) ಹಾಕಿಸಬೇಕು, ಏಕೆಂದರೆ ಸಮೀಪದಲ್ಲಿ ಸಿಡಿಲು ಬಿದ್ದರೂ ತಾಮ್ರದ ಮೂಲಕ ಎರಡೂ ಕಡೆಯ ಸಾಧನಗಳು ಸುಟ್ಟುಹೋಗಬಹುದು.

ಕೇಬಲ್ಲಿನ ತುದಿಗೆ ಆರ್‌ಜೆ45 ಪ್ಲಗ್ (ಪೋರ್ಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ತುದಿ) ಹಾಕುವಾಗ, ಅದರ ಕೊಂಡಿ ಕೆಳಮುಖವಾಗಿ, ಕೇಬಲ್ ನಮ್ಮ ಕಡೆಗೆ ಇರುವಂತೆ ಹಿಡಿದು, ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎಂಟು ಎಳೆಗಳನ್ನು ಸೇರಿಸಿ ಕ್ರಿಂಪ್ ಮಾಡಬೇಕು, ಅಂದರೆ ಇಕ್ಕಳದಿಂದ ಒತ್ತಿ ಬಿಗಿಗೊಳಿಸಬೇಕು. ಎರಡೂ ತುದಿಗೆ ಇದೇ ಕ್ರಮ. ಸೆಕೆಂಡಿಗೆ 100 ಮೆಗಾಬಿಟ್ (ಎಂಬಿಪಿಎಸ್) ವೇಗಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಆದ್ದರಿಂದ ಒಂದು ಎಳೆ ಸರಿಯಾಗಿ ಕೂಡದಿದ್ದರೆ ಸಂಪರ್ಕ ಸಿಕ್ಕೂ ವೇಗ ಹತ್ತನೆಯ ಒಂದಕ್ಕೆ ಇಳಿದಿರಬಹುದು.

ಈಗ ರೂಟರ್‌ನ ಲ್ಯಾನ್ ಪೋರ್ಟಿನಿಂದ ಸ್ವಿಚ್ಚಿನ ಯಾವುದಾದರೊಂದು ಪೋರ್ಟಿಗೆ ಕೇಬಲ್ ಹಾಕಿ, ಸ್ವಿಚ್ ಚಾಲೂ ಮಾಡಿ, ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಜೋಡಿಸಬೇಕು. ಪ್ರತಿ ಸಲವೂ ಆ ಪೋರ್ಟಿನ ದೀಪ ಹೊತ್ತಿತೇ ಎಂದು ನೋಡಿ ಮುಂದುವರಿಯಬೇಕು. ಜಾಲದಲ್ಲಿ ಪ್ರತಿ ಯಂತ್ರವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸ ಕೊಡುವುದು ರೂಟರ್, ಸ್ವಿಚ್ ಅಲ್ಲ. ವಿಂಡೋಸ್ ಯಂತ್ರದಲ್ಲಿ 169.254 ಎಂದು ಆರಂಭವಾಗುವ ವಿಳಾಸ ಕಂಡರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ, ಅಲ್ಲಿಯವರೆಗಿನ ದಾರಿ ಎಲ್ಲೋ ಕಡಿದಿರಬಹುದು ಎಂದರ್ಥ. ಮೂಲೆಯಲ್ಲಿ ಬಿದ್ದಿರುವ ಹಳೆಯ ರೂಟರನ್ನೇ ಸ್ವಿಚ್ಚಿನಂತೆ ಬಳಸುವುದಾದರೆ ಅದರ ಡಿಎಚ್‌ಸಿಪಿ (ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ನಿಲ್ಲಿಸಿ, ಐಪಿ ವಿಳಾಸ ಮುಖ್ಯ ರೂಟರ್‌ನದ್ದಕ್ಕಿಂತ ಬೇರೆಯಾಗಿಸಿ, ಲ್ಯಾನ್ ಪೋರ್ಟ್‌ಗಳನ್ನಷ್ಟೇ ಉಪಯೋಗಿಸಬೇಕು.

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಒಂದು ದಿನ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದಂತೆ ಮಿನುಗತೊಡಗಿ, ಕಚೇರಿಯ ಕಂಪ್ಯೂಟರ್ ಸೇರಿ ಎಲ್ಲವೂ ನಿಂತುಹೋದವು. ಎರಡು ತಾಸು ಹುಡುಕಿದ ಮೇಲೆ ತಿಳಿಯಿತು: ಜೋತುಬಿದ್ದ ಒಂದು ಕೇಬಲ್ಲನ್ನು ಅಂದವಾಗಿ ಕಾಣಲೆಂದು ವಿದ್ಯಾರ್ಥಿಯೊಬ್ಬ ಅದೇ ಸ್ವಿಚ್ಚಿನ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದ. ಹೀಗೆ ಎರಡೂ ತುದಿ ಒಂದೇ ಸ್ವಿಚ್ಚಿಗೆ ಸೇರಿದರೆ ಸಂದೇಶಗಳು ಸುತ್ತುತ್ತಲೇ ಇದ್ದು ಜಾಲವನ್ನೆಲ್ಲ ತುಂಬಿಬಿಡುತ್ತವೆ, ಮತ್ತು ಸಾದಾ ಸ್ವಿಚ್‌ಗಳಲ್ಲಿ ಬಹಳಷ್ಟಕ್ಕೆ ಇದನ್ನು ತಡೆಯುವ ವ್ಯವಸ್ಥೆ ಇರುವುದಿಲ್ಲ. ಅಂದಿನಿಂದ ನಾನು ಪ್ರತಿ ಕೇಬಲ್ಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಯಾವ ಸಂಖ್ಯೆ ಯಾವ ಮೇಜಿನದು ಎಂಬ ಪಟ್ಟಿಯನ್ನು ಸ್ವಿಚ್ಚಿನ ಪಕ್ಕದ ಗೋಡೆಗೆ ಹಚ್ಚಿ, ಬಳಸದ ಕೇಬಲ್‌ಗಳನ್ನು ಬಿಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ.