ಕಿತ್ತೂರಿನಿಂದ ಧಾರವಾಡಕ್ಕೆ ಕುದುರೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ?

ಕುದುರೆ ಬರುವ ಕಥೆಯಾದರೆ ನನ್ನ ನೋಟುಬುಕ್ಕಿನ ಮೊದಲ ಪುಟ ಬರೀ ಲೆಕ್ಕ. ಎಷ್ಟು ದೂರ, ಎಂಥ ನೆಲ, ಯಾವ ತಿಂಗಳು, ಕುದುರೆಯ ಎತ್ತರ, ಮೇಲೆ ಕೂತವನ ತೂಕ, ಕೊನೆಯ ಸಲ ನೀರು ಕುಡಿದದ್ದು ಯಾವಾಗ. ನಾಯಕನ ಹೆಸರು ಆಮೇಲೆ. ನಮ್ಮ ಬೆಳಗಾವಿ, ವಿಜಯಪುರದ ಕಡೆ ಓದುಗರಲ್ಲಿ ಗಾಡಿ ಓಟಕ್ಕೆ ಕುದುರೆ ಸಾಕುವವರಿದ್ದಾರೆ, ಟಾಂಗಾ ಹೊಡೆದವರ ಮಕ್ಕಳಿದ್ದಾರೆ. ಇವರು ವ್ಯಾಕರಣದ ತಪ್ಪು ನುಂಗಿಕೊಳ್ಳುತ್ತಾರೆ, ಲಗಾಮಿನ ತಪ್ಪನ್ನು ನುಂಗುವುದಿಲ್ಲ.

ಒಂದು ಉದಾಹರಣೆಯನ್ನೇ ಬಿಚ್ಚಿ ಇಡುತ್ತೇನೆ. 1824ರ ಅಕ್ಟೋಬರ್ 23, ಕಿತ್ತೂರಿನಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ ದಿನ. ಸುದ್ದಿ ಹೊತ್ತ ಒಬ್ಬ ಸವಾರನನ್ನು ಆ ರಾತ್ರಿ ಧಾರವಾಡಕ್ಕೆ ಕಳಿಸಬೇಕು. ದಾರಿ ಸುಮಾರು 30 ಕಿಲೋಮೀಟರ್. ಕೈಗೆ ತಟ್ಟನೆ ಬರುವ ವಾಕ್ಯ ಎಲ್ಲರಿಗೂ ಗೊತ್ತು: ‘ಬೆಳದಿಂಗಳಲ್ಲಿ ಕುದುರೆ ನಾಗಾಲೋಟದಿಂದ ಧಾರವಾಡದತ್ತ ಧಾವಿಸಿತು.’ ಇದರಲ್ಲಿ ಎರಡು ತಪ್ಪಿವೆ.

ಮೊದಲನೆಯದು ಓಟ. ನಾಗಾಲೋಟವೆಂದರೆ ಗ್ಯಾಲಪ್, ನಾಲ್ಕು ಕಾಲೂ ಚಾಚಿ ಓಡುವುದು. ಗಂಟೆಗೆ 40–45 ಕಿ.ಮೀ. ವೇಗ. ಒಳ್ಳೆಯ ಕುದುರೆ ಹೀಗೆ ಪೂರ್ತಿ ಬಲ ಹಾಕಿ ಓಡುವುದು ಎರಡು-ಮೂರು ಕಿ.ಮೀ. ಅಷ್ಟೆ, ಆಮೇಲೆ ಉಸಿರು ಸಾಲದು. ಕುದುರೆ ಬಾಯಿಂದ ಉಸಿರಾಡುವ ಪ್ರಾಣಿಯಲ್ಲ, ಮೂಗೊಂದೇ ದಾರಿ. ‘ಬಾಯಿ ತೆರೆದು ಏದುಸಿರು ಬಿಡುತ್ತಿತ್ತು’ ಎಂದು ಬರೆದವರು ನಾಯಿಯನ್ನು ನೋಡಿ ಬರೆದಿರಬೇಕು. ಹೊಳ್ಳೆ ಅರಳಬೇಕು, ಪಕ್ಕೆ ಬಡಿದುಕೊಳ್ಳಬೇಕು. ದೂರದ ದಾರಿಗೆ ಬೇಕಾದ್ದು ಟ್ರಾಟ್: ಒಂದು ಬದಿಯ ಮುಂಗಾಲು, ಇನ್ನೊಂದು ಬದಿಯ ಹಿಂಗಾಲು ಜೋಡಿಯಾಗಿ ನೆಲಕ್ಕೆ ಬೀಳುವ ಎರಡು ತಾಳದ ಓಟ, ಗಂಟೆಗೆ 13 ಕಿ.ಮೀ. ಹತ್ತಿರ. ನಡಿಗೆ ನಾಲ್ಕು ತಾಳ, ಗಂಟೆಗೆ 6. ಟ್ರಾಟಿಗೂ ಗ್ಯಾಲಪಿಗೂ ನಡುವಿನ ಓಟವಾದ ಕ್ಯಾಂಟರ್ ಮೂರು ತಾಳ. ಗೊರಸಿನ ಸದ್ದನ್ನು ‘ಟಕ್ ಟಕ್’ ಎಂದು ಬರೆಯುವ ಮುನ್ನ ಎಷ್ಟು ಟಕ್ ಬೇಕು ಎಂದು ಎಣಿಸಿಕೊಳ್ಳಿ.

ಹಗಲಿನ ಲೆಕ್ಕ ಹೀಗೆ: 4 ಕಿ.ಮೀ. ಟ್ರಾಟ್, 1 ಕಿ.ಮೀ. ನಡಿಗೆ. ಈ ಐದಕ್ಕೆ 28–29 ನಿಮಿಷ. ಇಂಥ ಆರು ಸುತ್ತಿಗೆ ಎರಡು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು. ನೀರಿಗೆ ಒಂದು ಸಲ ಇಳಿದರೆ ಮೂರು ಗಂಟೆ. ಆದರೆ ಅದು ಹಗಲಲ್ಲ, ಇಲ್ಲಿಯೇ ಎರಡನೆಯ ತಪ್ಪು. 2000ನೇ ಇಸವಿಯ ಜನವರಿ 6ರ ಅಮಾವಾಸ್ಯೆಯಿಂದ 29.53059 ದಿನಕ್ಕೊಂದರಂತೆ 2,167 ಅಮಾವಾಸ್ಯೆ ಹಿಂದಕ್ಕೆ ಎಣಿಸಿದರೆ ಬಂದು ನಿಲ್ಲುವುದು 1824ರ ಅಕ್ಟೋಬರ್ 22–23ರ ಸುತ್ತ. ಬೆಳದಿಂಗಳ ಮಾತೇ ಇಲ್ಲ, ಕಗ್ಗತ್ತಲು. ಕತ್ತಲಲ್ಲಿ ಕುದುರೆಯ ಕಣ್ಣು ನಮ್ಮದಕ್ಕಿಂತ ಎಷ್ಟೋ ಚುರುಕು. ಸವಾರ ತಿಳಿದವನಾದರೆ ಲಗಾಮು ಸಡಿಲ ಬಿಟ್ಟು ದಾರಿಯನ್ನು ಕುದುರೆಗೇ ಒಪ್ಪಿಸುತ್ತಾನೆ, ಬಹುಪಾಲು ನಡಿಗೆಯಲ್ಲೇ ಹೋಗುತ್ತಾನೆ. ಪಂಜು ಹಿಡಿದರೆ ಕೆಟ್ಟಿತು. ಬೆಳಕಿನಿಂದ ಕತ್ತಲಿಗೆ ಕುದುರೆಯ ಕಣ್ಣು ಒಗ್ಗುವುದು ನಿಧಾನ. ಐದು ಗಂಟೆ ಹಿಡಿಯಿರಿ. ರಾತ್ರಿ ಒಂಬತ್ತಕ್ಕೆ ಬಿಟ್ಟವನು ಧಾರವಾಡ ಮುಟ್ಟುವುದು ಎರಡರ ಮೇಲೆ. ನಿಮ್ಮ ಮುಂದಿನ ದೃಶ್ಯ ಮಧ್ಯರಾತ್ರಿಯ ಮೊದಲು ನಡೆಯುವುದಿದ್ದರೆ ದೃಶ್ಯವನ್ನೇ ಮುಂದೂಡಿ, ಕುದುರೆಯನ್ನು ಹೊಡೆಯಬೇಡಿ.

ದಿನಗಟ್ಟಲೆ ಪಯಣದ ಅಳತೆಗೆ ನಮ್ಮಲ್ಲೇ ಒಂದು ಜೀವಂತ ಮಾಪು ಇದೆ. ಚಿಕ್ಕೋಡಿ ಕಡೆಯ ಅಂಕಲಿಯಿಂದ ಜ್ಞಾನೇಶ್ವರ ಪಾಲಕಿಯ ಕುದುರೆಗಳು ಪ್ರತಿವರ್ಷ ಪುಣೆ ಬಳಿಯ ಆಳಂದಿಗೆ ನಡೆದು ಹೋಗುತ್ತವೆ, 300 ಕಿ.ಮೀ. ದಾಟುವ ಹಾದಿ, ಸುಮಾರು ಹನ್ನೊಂದು ದಿನ. ದಿನಕ್ಕೆ 30ರ ಹತ್ತಿರ. ಅವಸರದ ದಂಡಿಗೆ 40–50 ಹಾಕಬಹುದು, ಆದರೆ ವಾರಗಟ್ಟಲೆ ಅಲ್ಲ.

ಲಗಾಮಿಗೆ ಬರುತ್ತೇನೆ. ‘ಲಗಾಮು ಜಗ್ಗಿ, ಪಕ್ಕೆಗೆ ಒದ್ದು, ಕುದುರೆ ಓಡಿಸಿದ’ ಎಂಬ ವಾಕ್ಯ ಎಷ್ಟು ಕಡೆ ಓದಿದ್ದೇನೋ. ಜಗ್ಗಿದರೆ ಕಡಿವಾಣ ಬಾಯಿಗೆ ಒತ್ತುತ್ತದೆ: ನಿಲ್ಲು. ಒದ್ದರೆ: ಹೋಗು. ಎರಡೂ ಒಟ್ಟಿಗೆ ಆದರೆ ಕುದುರೆ ತಲೆ ಎತ್ತಿ ಜಾಡಿಸುತ್ತದೆ, ಇಲ್ಲವೇ ಮುಂಗಾಲು ಎತ್ತುತ್ತದೆ. ಹೊರಡುವಾಗ ಕೈ ಮುಂದಕ್ಕೆ ಹೋಗಬೇಕು. ಇನ್ನು ಜೀನು. ಹೊಟ್ಟೆಪಟ್ಟಿ ಬಿಗಿಯುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ. ಇದನ್ನು ನಾನು ವಿವರಣೆಯಲ್ಲಿ ಹೇಳದೆ ಮಾತಿನಲ್ಲಿ ಹೇಳಿಸುತ್ತೇನೆ:

“ಬಿಗದೇನಿ ಕಾಕಾ.”

“ನೀ ಬಿಗಿಯೂಮುಂದ ಹೊಟ್ಟಿ ಉಬ್ಬಿಸಿ ನಿಂತಿತ್ತಪಾ ಅದು. ನಾಕ ಹೆಜ್ಜಿ ನಡಸು, ಮತ್ತ ಬಿಗಿ. ಪಟ್ಟಿ ಸಂದ್ಯಾಗ ಎರಡ ಬಟ್ಟ ಹೋಗಬೇಕು, ಮೂರಲ್ಲ.”

ಇಷ್ಟಾದರೆ ಲಾಯದ ಆ ಮುದುಕನಿಗೆ ಬೇರೆ ಪರಿಚಯ ಬೇಕಿಲ್ಲ. ಎರಡನೆಯ ಸಲ ಬಿಗಿಯದೇ ಹತ್ತಿದವನ ಜೀನು ಪಕ್ಕಕ್ಕೆ ಜಾರುತ್ತದೆ, ಅದೂ ರಿಕಾಪಿನಲ್ಲಿ ಒಂದೇ ಕಾಲಿಟ್ಟ ಗಳಿಗೆಯಲ್ಲಿ. ನಾಯಕನನ್ನು ಬೀಳಿಸಬೇಕೆಂದಿದ್ದರೆ ಹಾವು, ಗುಡುಗು ಹುಡುಕಬೇಕಾಗಿಲ್ಲ.

ಯಾವ ಕಾಲಕ್ಕೆ ಯಾವ ಕುದುರೆ ಎಂಬುದಕ್ಕೆ ಹೆಚ್ಚು ಹೇಳುವುದಿಲ್ಲ. ಆದಿಲ್‌ಶಾಹಿ ದರಬಾರಿನವರಿಗೆ ಸಮುದ್ರ ದಾಟಿ ಬಂದ ಅರಬ್ಬಿ, ಸಾಮಾನ್ಯ ಸವಾರನಿಗೆ ಭೀಮಾ ತೀರದ ಗಿಡ್ಡ ಗಟ್ಟಿ ತಳಿ. ರೇಸಿನ ಥರೋಬ್ರೆಡ್ ತಳಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದೇ ಆಮೇಲೆ. ಮೇವಿಗೆ ಹುರುಳಿ, ಕಡಲೆ, ಜೋಳದ ಕಣಿಕೆ ಇರಲಿ; ಗೋವಿನಜೋಳ ಅಮೆರಿಕದಿಂದ ಬಂದದ್ದು, 1565ರ ಲಾಯಕ್ಕೆ ಸುರಿಯಬೇಡಿ. ಎತ್ತರ ಹೇಳುವಾಗ ಒಂದು ಹ್ಯಾಂಡ್ ಎಂದರೆ ನಾಲ್ಕು ಇಂಚು, 13.2 ಎಂದರೆ 13 ಹ್ಯಾಂಡ್ ಮೇಲೆ ಎರಡು ಇಂಚು. ‘14.5’ ಎಂಬ ಎತ್ತರವೇ ಇಲ್ಲ. 350 ಕಿಲೋ ತೂಗುವ 13.2ರ ಕುದುರೆಯ ಮೇಲೆ ಸವಾರ, ಜೀನು, ಕತ್ತಿ ಎಲ್ಲ ಸೇರಿ 70 ಕಿಲೋದೊಳಗೆ ಇರಬೇಕು. ಕವಚ ತೊಟ್ಟ ದಪ್ಪ ಸರದಾರನಿಗೆ ದೊಡ್ಡ ಕುದುರೆ ಕೊಡಿ.

ನೆಲದ ಮೇಲೆ ಮಾತ್ರ ನಾನು ಹಟ ಹಿಡಿಯುತ್ತೇನೆ. ರಕ್ಕಸಗಿ-ತಂಗಡಗಿಯ ಯುದ್ಧ ನಡೆದದ್ದು 1565ರ ಜನವರಿಯಲ್ಲಿ. ಆ ತಿಂಗಳು ಈ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ, ನೆಲ ಬಿರಿದಿರುತ್ತದೆ. ಬಿರುಕಿನಲ್ಲಿ ಗೊರಸು ಸಿಕ್ಕರೆ ಕಾಲಿನ ಸ್ನಾಯುರಜ್ಜು ಹರಿಯಬಹುದು. ಅದೇ ಹೊಲ ಮಳೆಗಾಲದಲ್ಲಿ ಅಂಟಂಟು ಕೆಸರು, ಲಾಳವನ್ನೇ ಕಿತ್ತು ಇಟ್ಟುಕೊಳ್ಳುತ್ತದೆ. ಅಲ್ಲಿ ನಡೆಸಿದರೆ ಸಾಕು. ಬಾದಾಮಿ ಕಡೆ ಕಲ್ಲುನೆಲ, ಅಲ್ಲಿ ಲಾಳ ಸವೆಯುತ್ತದೆ. ಗೊರಸು ತಿಂಗಳಿಗೆ ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಆರೆಂಟು ವಾರಕ್ಕೊಮ್ಮೆ ಲಾಳ ಹೊಡೆಯುವ ನಾಲಬಂದನ ಕೈಗೆ ಕಾಲು ಕೊಡಲೇಬೇಕು. ಮೂರು ತಿಂಗಳ ದಂಡಯಾತ್ರೆಯಲ್ಲಿ ಒಬ್ಬ ನಾಲಬಂದನೂ ಇಲ್ಲದಿದ್ದರೆ ನನಗೆ ಓದುವುದು ಕಷ್ಟ.

ಕುಂಟಿಸುವಾಗ ಯಾವ ಕಾಲು ಎಂದು ಮೊದಲೇ ತೀರ್ಮಾನಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ಬಾಗುತ್ತದೆ. ವಿಷ ಹಾಕಿದ ಕುದುರೆ ವಾಂತಿ ಮಾಡಿಕೊಳ್ಳುವುದಿಲ್ಲ; ಕುದುರೆಗೆ ವಾಂತಿಯೇ ಆಗದು. ಹೊಟ್ಟೆಶೂಲೆಯಾದರೆ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ಬಿದ್ದು ಹೊರಳುತ್ತದೆ. ಕಾಳಿನ ಚೀಲಕ್ಕೆ ಬಾಯಿ ಹಾಕಿದ್ದರೆ ಒಂದೆರಡು ದಿನದಲ್ಲಿ ಗೊರಸು ಬಿಸಿಯಾಗಿ, ಮುಂಗಾಲು ಮುಂದಕ್ಕಿಟ್ಟು ಹಿಂದಕ್ಕೆ ವಾಲಿ ನಿಲ್ಲಬಹುದು. ಜೀನು ಉಜ್ಜಿದ ಹುಣ್ಣು ಮಾಯ್ದ ಜಾಗದಲ್ಲಿ ಬಿಳಿ ಕೂದಲು ಬರುತ್ತದೆ. ಕದ್ದ ಕುದುರೆ ಗುರುತಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬಿಳಿ ಕುದುರೆಯ ಪೈಕಿ ಹೆಚ್ಚಿನವು ಹುಟ್ಟುವಾಗ ಕಪ್ಪೋ ಕಂದೋ ಇದ್ದು ವರ್ಷ ಕಳೆದಂತೆ ಬೆಳ್ಳಗಾಗುತ್ತವೆ. ಕಥೆ ಹತ್ತು ವರ್ಷ ಹರಿದರೆ ಬಣ್ಣವೂ ಹರಿಯಬೇಕು.

ಮಾತು ಮಾತಿಗೆ ಕೆನೆಸುವುದನ್ನು ನಾನು ಹೊಡೆದುಹಾಕುತ್ತೇನೆ. ಕೆನೆಯುವುದು ದೂರದ ಜೊತೆಗಾರನನ್ನು ಕೂಗಲು. ಹೊಂಚು ಹಾಕಿದ ಜಾಗದಲ್ಲಿ ಒಂಟಿ ಕುದುರೆ ಕಟ್ಟಿದರೆ ಅದು ಕೂಗಿಯೇ ಕೂಗುತ್ತದೆ, ಗುಟ್ಟು ಬಯಲಾಗುತ್ತದೆ. ಕಾಳು ಕಂಡರೆ ಗಂಟಲಲ್ಲೇ ಸಣ್ಣಗೆ ಗುರುಗುಟ್ಟುತ್ತದೆ, ಬೆದರಿದರೆ ಮೂಗಿನಿಂದ ಭುಸ್ ಎನ್ನುತ್ತದೆ.

ಬರೆದಾದ ಮೇಲೆ ಗೋಳಗುಮ್ಮಟದ ಬಳಿ ಟಾಂಗಾ ಹೊಡೆಯುವವರಿಗೆ ಪುಟವನ್ನು ಓದಿ ಹೇಳುವುದು ಒಳ್ಳೆಯ ಪರೀಕ್ಷೆ. ಗಾಡಿಯ ಕುದುರೆ ಬೇರೆ, ಸವಾರಿಯದು ಬೇರೆ. ಆದರೂ ಮೇವು, ನೀರು, ಗೊರಸಿನ ತಪ್ಪು ಅವರ ಕಿವಿಗೆ ತಕ್ಷಣ ಬೀಳುತ್ತದೆ. ‘ಸರಿ ಐತೇನ್ರಿ?’ ಎಂದು ಕೇಳಿದರೆ ಮರ್ಯಾದೆಗೆ ಹೂಂ ಅನ್ನುತ್ತಾರೆ. ‘ಮುಂದ ಏನ್ ಮಾಡ್ತಿದ್ರಿ?’ ಎಂದು ಕೇಳಬೇಕು. ಹೆಚ್ಚಾಗಿ ಬಿಟ್ಟುಹೋಗಿರುವುದು ಇಳಿದ ಮೇಲಿನ ಕೆಲಸ. ಸವಾರ ಧಾರವಾಡದ ಕಚೇರಿಯೊಳಗೆ ಓಡಿ ಸುದ್ದಿ ಹೇಳುತ್ತಾನೆ, ಅಧ್ಯಾಯ ಮುಗಿಯುತ್ತದೆ, ಕುದುರೆ ಹೊರಗೆ ಬೆವೆತು ನಿಂತೇ ಇರುತ್ತದೆ. ಹಾಗಾಗಿ ನಾನು ಒಂದು ಸಾಲು ಸೇರಿಸುತ್ತೇನೆ: ಒಳಗೆ ಮಾತು ನಡೆದಷ್ಟು ಹೊತ್ತೂ ಹೊರಗೆ ಒಬ್ಬ ಹುಡುಗ ಹೊಟ್ಟೆಪಟ್ಟಿ ಎರಡು ತೂತು ಸಡಿಲಿಸಿ, ಕುದುರೆಯ ಪಕ್ಕೆ ತಣ್ಣಗಾಗುವವರೆಗೆ ಅಂಗಳದ ಸುತ್ತ ನಡೆಸುತ್ತಿದ್ದ.