ಮೂರು ವಾರ್ಡು, ಒಂದು ಚರಂಡಿ: ನಗರಸಭೆ ಸದಸ್ಯೆಯಾಗಿ ನನ್ನ ಅನುಭವ

ನಾನು ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದವಳು. 2018ರಲ್ಲಿ ನಮ್ಮ ವಾರ್ಡು ಸಾಮಾನ್ಯ ಮಹಿಳೆಗೆ ಮೀಸಲಾಯಿತು. ಪಕ್ಷದವರು ಮನೆಗೆ ಬಂದು ಮೊದಲು ಕೇಳಿದ್ದು ನನ್ನನ್ನಲ್ಲ, ನಮ್ಮ ಯಜಮಾನರನ್ನು. "ನಿಮ್ಮ ಮನೆಯವರನ್ನು ನಿಲ್ಲಿಸ್ತೀರಾ?" ಅಂತ. ಅವರು ಒಳಗೆ ಬಂದು "ಏನ್ ಮಾಡ್ತೀಯಾ?" ಅಂದರು. ಕೈಯಲ್ಲಿದ್ದ ಹೊಲಿಗೆ ಮುಗಿಸಿ, ಟೀ ಕೊಟ್ಟು, ಹೂಂ ಅಂದೆ.

ನಮ್ಮದು ಮಧ್ಯ ಕರ್ನಾಟಕದ ಒಂದು ಸಣ್ಣ ನಗರ, 31 ವಾರ್ಡು. ಊರಿನ ಹೆಸರು ಬರೆಯುವುದಿಲ್ಲ, ಇಲ್ಲಿ ಬರುವವರೆಲ್ಲ ಈಗಲೂ ಸಂತೆಯಲ್ಲಿ ಎದುರಾಗುವವರೇ. ಆಗಸ್ಟ್ 31ಕ್ಕೆ ಮತದಾನ ಆಯಿತು, ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು, ಹಾರ ಹಾಕಿದರು, ಪಟಾಕಿ ಹೊಡೆದರು. ಆಮೇಲೆ ಎರಡು ವರ್ಷ ಏನೂ ಇಲ್ಲ! ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು, ರಾಜ್ಯದ ಎಷ್ಟೋ ಊರುಗಳಲ್ಲಿ ನಮ್ಮಂಥವರು ಗೆದ್ದೂ ಮನೆಯಲ್ಲೇ ಕೂತರು. ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಸಹಿ ಹಾಕುತ್ತಿದ್ದರು, ಜನ ಮಾತ್ರ ನಮ್ಮ ಬಾಗಿಲು ಬಡಿಯುತ್ತಿದ್ದರು. ಬೀದಿ ದೀಪ ಹೋಗಿದೆ ಅಕ್ಕಾ, ನೀರು ಬಂದು ಆರು ದಿನ ಆಯ್ತು ಅಕ್ಕಾ. ನನಗೆ ಅಧಿಕಾರ ಇಲ್ಲ ಅಂದರೆ ಯಾರು ನಂಬುತ್ತಾರೆ? ಅಂತೂ 2020ರ ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ ಆಗಿ ಕೌನ್ಸಿಲ್ ಶುರುವಾಯಿತು.

ಸಭೆಗೆ ಏಳು ದಿನ ಮುಂಚೆ ನೋಟಿಸ್ ಕೊಡಬೇಕು. ನಗರಸಭೆಯ ಜವಾನ ಸೈಕಲ್ಲಿನಲ್ಲಿ ಬಂದು, ನನ್ನನ್ನು ನೋಡಿ, "ಯಜಮಾನ್ರು ಇಲ್ವಾ ಮೇಡಮ್?" ಅಂತ ಕೇಳಿದ. ಸದಸ್ಯೆ ನಾನೇ ಅಲ್ವಾ, ಕೊಡಪ್ಪಾ ಅಂದೆ. ಪಾಪ, ಅವನ ತಪ್ಪಲ್ಲ, ಬೇರೆ ಮನೆಗಳಲ್ಲಿ ಗಂಡನ ಕೈಗೇ ಕೊಟ್ಟು ಅಭ್ಯಾಸ. ಲಕೋಟೆಯಲ್ಲಿ 43 ವಿಷಯಗಳ ಅಜೆಂಡಾ, ಜೊತೆಗೆ ಜಮಾ ಖರ್ಚಿನ ಪಟ್ಟಿ ಒಂದು ಕಟ್ಟು.

ಮೊದಲ ಸಭೆಯಲ್ಲಿ ನಾನು ಮಾಡಿದ್ದು ಎಲ್ಲ ಹೊಸಬರೂ ಮಾಡುವ ತಪ್ಪು. ನಮ್ಮ ಬೀದಿಯ ಚರಂಡಿ ವಿಷಯ ಎತ್ತಿ ಜೋರಾಗಿ ಮಾತಾಡಿದೆ. ಮಳೆ ಬಂದರೆ ಮೇಲಿನ ಎರಡು ವಾರ್ಡಿನ ನೀರೆಲ್ಲ ನಮ್ಮ ಬೀದಿಗೆ ಇಳಿದು, ಹೊಸ್ತಿಲು ದಾಟಿ ಮನೆಯೊಳಗೆ ಬರುತ್ತದೆ. ಅದನ್ನೇ ಹೇಳಿದೆ, ಸ್ವಲ್ಪ ಕಣ್ಣೀರೂ ಬಂತು. ಪತ್ರಕರ್ತರು ಫೋಟೊ ತೆಗೆದರು, ಕಮಿಷನರ್ ತಲೆ ಆಡಿಸಿದರು, ಅಧ್ಯಕ್ಷರು "ಮಾಡಿಸೋಣ ಮಾಡಿಸೋಣ" ಅಂದರು. ಮರುದಿನ ಪೇಪರಿನಲ್ಲಿ ಹೆಸರು ಬಂದಿದ್ದು ನೋಡಿ ನಮ್ಮತ್ತೆ ಕತ್ತರಿಸಿ ಇಟ್ಟುಕೊಂಡರು. ನಾನೂ ಕೆಲಸ ಆಯಿತು ಅಂದುಕೊಂಡೆ.

ಮುಂದಿನ ತಿಂಗಳು ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವಾಗ ನೋಡಿದರೆ, ನನ್ನ ಹದಿನೈದು ನಿಮಿಷದ ಮಾತು ಒಂದೇ ಸಾಲು: "ಸದಸ್ಯರು ಚರಂಡಿ ಸಮಸ್ಯೆ ಕುರಿತು ಸಭೆಯ ಗಮನಕ್ಕೆ ತಂದರು, ಪರಿಶೀಲಿಸಿ ಕ್ರಮ ಕೈಗೊಳ್ಳಲು ತಿಳಿಸಲಾಯಿತು." ಅಷ್ಟೇ. ನಗರಸಭೆಯಲ್ಲೇ ವಯಸ್ಸು ಕಳೆದು ರಿಟೈರ್ ಆಗಿದ್ದ ಗುಮಾಸ್ತರೊಬ್ಬರು ನಮ್ಮ ಅಂಗಡಿಗೆ ಹೆಂಡತಿಯ ಬ್ಲೌಸ್ ತೆಗೆದುಕೊಂಡು ಹೋಗಲು ಬಂದಿದ್ದರು, ಅವರಿಗೆ ತೋರಿಸಿದೆ. ನಕ್ಕರು. "ಪರಿಶೀಲಿಸಿ ಅಂತ ಬಂದ್ರೆ ಅದಕ್ಕೆ ಮಣ್ಣು ಹಾಕಿದಂಗೆ ಕಣಮ್ಮಾ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಯಾವ ಅನುದಾನ, ಈ ಮೂರೂ ಠರಾವಲ್ಲಿ, ಅಂದ್ರೆ ಸಭೆಯ ನಿರ್ಣಯದಲ್ಲಿ, ಇದ್ರೆ ಮಾತ್ರ ಕಡತ ಏಳುತ್ತೆ." ಐದು ವರ್ಷದಲ್ಲಿ ನಾನು ಕಲಿತ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ಮಾತಿನಲ್ಲೇ ಇತ್ತು. ಆ ಬ್ಲೌಸಿಗೆ ದುಡ್ಡು ತಗೊಳ್ಳಲಿಲ್ಲ.

ಆಮೇಲೆ ಕಚೇರಿಗೆ ಹೋಗಿ ಹಿಂದಿನ ನಡಾವಳಿ ಪುಸ್ತಕಗಳನ್ನು ಕೇಳಿ ಓದಲು ಶುರು ಮಾಡಿದೆ. ಸಿಬ್ಬಂದಿಗೆ ವಿಚಿತ್ರ ಅನ್ನಿಸಿತು. "ಏನ್ ಬೇಕಿತ್ತು ಮೇಡಮ್, ಹೇಳಿ, ನಾವೇ ತೆಗೆದು ಕೊಡ್ತೀವಿ" ಅಂತ ಒಬ್ಬರು ಎರಡು ಸಲ ಬಂದು ನಿಂತರು. ಸುಮ್ನೆ ಓದ್ತೀನಿ ಅಂದೆ. ಸುಮ್ನೆ ಓದುವವರಿಗೆ ಜಾಸ್ತಿ ಹೆದರುತ್ತಾರೆ ಅಂತ ಆಗ ಗೊತ್ತಾಯಿತು.

ನಗರಸಭೆ ಅಂದರೆ ಜನ ರಾಜಕೀಯ, ಗಲಾಟೆ, ಮೈಕ್ ಎಳೆದಾಟ ಅಂದುಕೊಳ್ಳುತ್ತಾರೆ. ಅದೂ ಇದೆ. ಆದರೆ ತಿಂಗಳು ತಿಂಗಳು ನಡೆಯುವುದು ತೀರಾ ಸಪ್ಪೆ ಕೆಲಸ. ತೀರಿಹೋದ ಗಣ್ಯರಿಗೆ ಒಂದು ನಿಮಿಷ ಮೌನ. ನಡಾವಳಿ ದೃಢೀಕರಣ. ಜಮಾ ಖರ್ಚು ಮಂಜೂರಾತಿ. ಟೆಂಡರಿಗೆ ಒಪ್ಪಿಗೆ. ಸಂತೆ ಸುಂಕದ ಹರಾಜು. ಆಗಲೇ ಮಾಡಿ ಮುಗಿಸಿದ ಕೆಲಸಕ್ಕೆ ಘಟನೋತ್ತರ ಮಂಜೂರಾತಿ, ಅಂದರೆ ಊಟ ಆದಮೇಲೆ ಎಲೆ ಹಾಕುವುದು. ಕೊನೆಗೆ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು". ಈ ಕೊನೆಯದರ ಮೇಲೆ ಕಣ್ಣಿಡಬೇಕು. ಬಿರಿಯಾನಿ ವಾಸನೆ ಬರುವ ಹೊತ್ತಿಗೆ, ಎಲ್ಲರೂ ಚಪ್ಪಲಿ ಹುಡುಕುವಾಗ, ಅಜೆಂಡಾದಲ್ಲಿ ಇಲ್ಲದ ಎಂಟು ವಿಷಯ ಅಲ್ಲಿ ಪಾಸ್ ಆಗಿರುತ್ತವೆ.

ಜಮಾ ಖರ್ಚಿನ ಪಟ್ಟಿಯನ್ನು ನಾನು ಅಳತೆ ಪುಸ್ತಕದ ಹಾಗೆ ಓದುತ್ತಿದ್ದೆ, ಕೆಂಪು ಪೆನ್ನು ಹಿಡಿದು. ಬ್ಲೀಚಿಂಗ್ ಪೌಡರ್, ಫಿನಾಯಿಲ್, ಡೀಸೆಲ್, ಜೆಸಿಬಿ ಬಾಡಿಗೆ ಇಷ್ಟು ಗಂಟೆ, ಮೋಟರ್ ರಿವೈಂಡಿಂಗ್. ಒಂದು ತಿಂಗಳು ನಮ್ಮ ವಾರ್ಡಿನ ಬೋರ್‌ವೆಲ್ ಒಂದಕ್ಕೆ ಮೂರು ಸಲ ರಿವೈಂಡಿಂಗ್ ಬಿಲ್ ಇತ್ತು. ಆ ಬೋರು ಬತ್ತಿ ಆಗಲೇ ಒಂದು ಬೇಸಿಗೆ ಕಳೆದಿತ್ತು, ಕೇಸಿಂಗ್ ಪೈಪಿನ ಬಾಯಿಗೆ ಹುಡುಗರು ಕಲ್ಲು ಹಾಕಿ ಮುಚ್ಚಿದ್ದರು. ಸಭೆಯಲ್ಲಿ ನಾನು ಕಿರುಚಲಿಲ್ಲ. ಈ ಮೂರು ಬಿಲ್ಲಿನ ಲಾಗ್‌ಬುಕ್ ತರಿಸಿ, ಅಲ್ಲಿವರೆಗೆ ಈ ಮೂರು ಸಾಲು ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ ಅಂತ ಬರೆಯಿಸಿ ಅಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಇಂಜಿನಿಯರ್ "ಟೈಪಿಂಗ್ ಮಿಸ್ಟೇಕ್ ಮೇಡಮ್, ಅದು ಬೇರೆ ಬೋರು" ಅಂದರು. ಇರಬಹುದು. ನಿಜವಾಗಿ ಟೈಪಿಂಗ್ ತಪ್ಪೋ ಅಲ್ಲವೋ ಇವತ್ತಿಗೂ ಹೇಳಲಾರೆ. ಆದರೆ ಮುಂದಿನ ತಿಂಗಳಿಂದ ಪಟ್ಟಿಯಲ್ಲಿ ಪ್ರತಿ ರಿವೈಂಡಿಂಗ್ ಮುಂದೆಯೂ ಬೀದಿ ಹೆಸರು, ತಾರೀಕು ಬರಲು ಶುರುವಾಯಿತು. ಬಿಲ್ಲುಗಳ ಸಂಖ್ಯೆಯೂ ಇಳಿಯಿತು.

ತೆರಿಗೆ ವಿಷಯದಲ್ಲಿ ನಾನು ಬೈಸಿಕೊಂಡೆ. 2021ರಿಂದ ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ಬೆಲೆಗೆ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆಗೆ, ಜೋಡಿಸಿದರು, ವರ್ಷಕ್ಕೆ ಶೇ 3ರಿಂದ 5ರೊಳಗೆ ಏರಿಸಬೇಕು ಅಂತಲೂ ಬಂತು. ಕೌನ್ಸಿಲ್ ಕೈಯಲ್ಲಿ ಇರುವುದು 3 ಮಾಡಬೇಕೋ 5 ಮಾಡಬೇಕೋ ಅನ್ನುವುದಷ್ಟೇ. ನಾವು 3 ಅಂದೆವು. ಮನೆಗೆ ಬಂದು ಜಗಳ ಆಡಿದವರಿಗೆ ಚಲನ್ ಹಿಡಿದು ತೋರಿಸುತ್ತಿದ್ದೆ: ಇದು ಗ್ರಂಥಾಲಯ ಕರ, ಇದು ಆರೋಗ್ಯ ಕರ, ಇದು ಭಿಕ್ಷುಕರ ಕರ, ಇವನ್ನು ನಾವು ವಸೂಲಿ ಮಾಡಿ ಬೇರೆಯವರಿಗೆ ಕಟ್ಟುವುದು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ ಬೀಳುತ್ತದೆ. ಇದನ್ನೊಂದು ಚೀಟಿಯಲ್ಲಿ ಬರೆದು ಅಂಗಡಿ ಬಾಗಿಲಿಗೆ ಅಂಟಿಸಿದ್ದೆ. ಬ್ಲೌಸ್ ಕೊಡಲು ಬಂದವರೆಲ್ಲ ಓದುತ್ತಿದ್ದರು.

ಮಳಿಗೆ ಹರಾಜಿನಲ್ಲಿ ಸೋತೆ. ಬಸ್ ಸ್ಟ್ಯಾಂಡ್ ಪಕ್ಕದ ನಗರಸಭೆ ಅಂಗಡಿಗಳ ಲೀಸ್ ಮುಗಿದಿತ್ತು, ಬಾಡಿಗೆ ಆಗಲೂ ನಾಲ್ಕಂಕಿ ಮುಟ್ಟಿರಲಿಲ್ಲ. ಮರು ಹರಾಜು ಮಾಡೋಣ ಅಂತ ಮೂರು ಸಲ ಅಜೆಂಡಾಕ್ಕೆ ಬಂತು, ಮೂರು ಸಲವೂ ಮುಂದೂಡಿದರು. ಅಂಗಡಿಯವರೆಲ್ಲ ಯಾರದ್ದೋ ಮಾವ, ಯಾರದ್ದೋ ಷಡ್ಡಕ. ಹೆಚ್ಚು ಬರೆಯುವುದಿಲ್ಲ.

ಈಗ ಚರಂಡಿಗೆ ಬರುತ್ತೇನೆ.

2021ರ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಬೀದಿಯ ಹನ್ನೊಂದು ಮನೆಗೆ ನೀರು ನುಗ್ಗಿತು. ಆ ವರ್ಷದ ರಾಜ್ಯ ಹಣಕಾಸು ಆಯೋಗದ ಅನುದಾನ, ನಾವು ಎಸ್‌ಎಫ್‌ಸಿ ಅನ್ನುತ್ತೇವೆ, ಅದರಲ್ಲಿ ವಾರ್ಡುಗಳ ಕಾಮಗಾರಿಗೆ ಅಂತ 1.5 ಕೋಟಿ ಉಳಿದಿತ್ತು. ಹಾಗಂದರೆ ನಮ್ಮಲ್ಲಿ ತಕ್ಷಣ ಆಗುವ ಲೆಕ್ಕ ಒಂದೇ: 31ರಿಂದ ಭಾಗಿಸು. ವಾರ್ಡಿಗೆ 4.84 ಲಕ್ಷ. ಯಾರಿಗೂ ಜಾಸ್ತಿ ಇಲ್ಲ, ಯಾರಿಗೂ ಕಡಿಮೆ ಇಲ್ಲ, ಜಗಳ ಇಲ್ಲ. ನ್ಯಾಯ ಅನ್ನಿಸುತ್ತದೆ ಅಲ್ವಾ? ಅದರ ಫಲ ಊರ ತುಂಬ ಕಾಣುತ್ತದೆ. ಎಲ್ಲೋ ಶುರುವಾಗಿ ಎಲ್ಲೂ ಸೇರದ ಚರಂಡಿ ತುಂಡುಗಳು, ಅರ್ಧ ಬೀದಿಗೆ ಕಾಂಕ್ರೀಟ್, ಇನ್ನರ್ಧ ಕೆಸರು. ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ತುಂಡು ಕೆಲಸ ಯಾರಿಗೆ ಅನುಕೂಲ ಅನ್ನುವುದು ಊರಲ್ಲಿ ಎಲ್ಲರಿಗೂ ಗೊತ್ತು, ಬಿಡಿ.

ನಾನು ನಗರಸಭೆಯ ಜೂನಿಯರ್ ಇಂಜಿನಿಯರ್, ಜೆಇ ಅವರನ್ನು ಕರೆದುಕೊಂಡು ಟೇಪ್ ಹಿಡಿದು ನಡೆದೆ. ಟೇಪ್ ಹಿಡಿಯುವುದು ನನಗೆ ಹೊಸದಲ್ಲ. ಮೇಲಿನ ವಾರ್ಡಿನ ಗಣೇಶನ ಗುಡಿ ಹತ್ತಿರದಿಂದ ನಮ್ಮ ಬೀದಿ ಹಾದು ರಾಜಕಾಲುವೆ ಸೇರುವವರೆಗೆ 210 ಮೀಟರ್. ಅವರು ಕೂಡಿ ಕಳೆದು 14.5 ಲಕ್ಷ ಆಗಬಹುದು ಅಂದರು. ಅಂದರೆ ಮೂರು ವಾರ್ಡಿನ ಪಾಲು ಸೇರಿದರೆ ಸರಿಹೋಗುತ್ತದೆ!

ಆದರೆ ಉಳಿದ ಇಬ್ಬರು ಯಾಕೆ ಕೊಡುತ್ತಾರೆ? ನೀರು ಅವರ ವಾರ್ಡಿನಿಂದ ಇಳಿದು ಹೋಗುತ್ತದೆ, ಅವರ ಓಟುದಾರರ ಕಾಲು ಒದ್ದೆ ಆಗುವುದಿಲ್ಲ. ಒಬ್ಬರು ನಮ್ಮ ಪಕ್ಷದವರು, ಹಿರಿಯರು, "ನೋಡೋಣ ತಂಗಿ" ಅಂದವರು ಫೋನ್ ಎತ್ತುವುದನ್ನೇ ಬಿಟ್ಟರು. ಇನ್ನೊಬ್ಬರು ಎದುರು ಪಕ್ಷದ ಹುಡುಗ, ಮೊಬೈಲ್ ಅಂಗಡಿ ಇಟ್ಟವನು. ಅವನು ನೇರವಾಗಿ ಕೇಳಿದ: "ಅಕ್ಕಾ, ಕೊಡ್ತೀನಿ. ಮುಂದಿನ ವರ್ಷ ನಿಮ್ಮ ಪಾಲು ನಂಗೆ ಕೊಡ್ತೀರಾ? ಕೆರೆ ಕಡೆ ರಸ್ತೆ ಮಾಡ್ಸಬೇಕು." ಕೊಡ್ತೀನಿ ಅಂದೆ. ಒಂದು ವರ್ಷ ನನ್ನ ವಾರ್ಡಿಗೆ ಏನೂ ಇಲ್ಲದೆ ಇರಬೇಕಾಗುತ್ತದೆ ಅಂತ ಗೊತ್ತಿದ್ದೇ ಒಪ್ಪಿದೆ. ಹಿರಿಯರ ಮನೆಗೆ ನಾಲ್ಕು ಸಲ ಹೋದೆ. ಕೊನೆಗೆ ಕೆಲಸ ಮಾಡಿದ್ದು ನನ್ನ ಮಾತಲ್ಲ. ಎದುರು ಪಕ್ಷದ ಹುಡುಗ ಕೊಟ್ಟ ಮೇಲೆ ತಾವು ಕೊಡದೆ ಇದ್ದರೆ ಚೆನ್ನಾಗಿರಲ್ಲ ಅಂತ ಅವರ ಹೆಂಡತಿ ಅಂದರಂತೆ.

ಈ ಸಲ ನಾನು ಭಾಷಣ ಮಾಡಲಿಲ್ಲ. ಅಜೆಂಡಾ ತಯಾರಾಗುವ ಮುಂಚೆಯೇ ಮೂವರ ಸಹಿ ಹಾಕಿದ ಪತ್ರ ಕೊಟ್ಟು, ವಿಷಯ ಸಂಖ್ಯೆ ಸಮೇತ ಬರುವಂತೆ ನೋಡಿಕೊಂಡೆ. ವಿಷಯ 27. ಎಲ್ಲಿಂದ ಎಲ್ಲಿಗೆ, 210 ಮೀಟರ್, ಎಸ್‌ಎಫ್‌ಸಿ, ಮೂರು ವಾರ್ಡಿನ ಪಾಲು ಒಟ್ಟುಗೂಡಿಸಿ ಒಂದೇ ಕಾಮಗಾರಿಯಾಗಿ ಕ್ರಿಯಾಯೋಜನೆಯಲ್ಲಿ ಸೇರಿಸಲು. ಸಭೆಯಲ್ಲಿ ಎರಡು ನಿಮಿಷ ಹಿಡಿಯಿತು. ಸರ್ವಾನುಮತ. ಪೇಪರಿನಲ್ಲಿ ಒಂದಕ್ಷರ ಬರಲಿಲ್ಲ, ಅವತ್ತು ಹಂದಿ ಹಿಡಿಯುವ ಟೆಂಡರ್ ಮೇಲೆ ಭಾರಿ ಜಗಳ ಆಗಿತ್ತು, ಅದೇ ಸುದ್ದಿ.

ಠರಾವು ಆದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಕ್ರಿಯಾಯೋಜನೆ ಡಿಸಿ ಕಚೇರಿಗೆ ಹೋಗಬೇಕು, ಅಲ್ಲಿಂದ ಒಪ್ಪಿಗೆ ಬರಬೇಕು, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಪ್ರತಿ ಮೇಜಿನ ಮುಂದೆಯೂ ಕಡತಕ್ಕೆ ನಿದ್ದೆ ಬರುತ್ತದೆ. ಪ್ರತಿ ಸೋಮವಾರ ಹನ್ನೊಂದಕ್ಕೆ ಹೋಗಿ, ಎಲ್ಲಿದೆ ಅಂತ ಕೇಳಿ, ಡೈರಿಯಲ್ಲಿ ಬರೆದುಕೊಂಡು ಬರುತ್ತಿದ್ದೆ. ಬೈಯುತ್ತಿರಲಿಲ್ಲ. ಬರೆದುಕೊಳ್ಳುವುದನ್ನು ಅವರು ನೋಡುವಂತೆ ಬರೆದುಕೊಳ್ಳುತ್ತಿದ್ದೆ. 2022ರ ಮಾರ್ಚಿನಲ್ಲಿ ಕಾರ್ಯಾದೇಶ ಆಯಿತು, ಜೂನ್ ಹೊತ್ತಿಗೆ ಕಾಂಕ್ರೀಟ್ ಮುಗಿಯಿತು. 192 ಮೀಟರ್.

ಉಳಿದ 18 ಮೀಟರಿನ ಕಥೆ ಹೇಳಬೇಕು. ರಾಜಕಾಲುವೆ ಸೇರುವ ಜಾಗದಲ್ಲಿ ಒಂದು ಮನೆಯ ಮೆಟ್ಟಿಲು ಮತ್ತು ತುಳಸಿ ಕಟ್ಟೆ ಚರಂಡಿ ಜಾಗದ ಮೇಲೇ ಇದೆ. ಕಂಟ್ರಾಕ್ಟರ್ ಒಡೆಯಲು ಹೋದಾಗ ಮನೆಯೊಡತಿ ನನಗೆ ಫೋನ್ ಮಾಡಿದರು. ಚುನಾವಣೆಯಲ್ಲಿ ನನ್ನ ಜೊತೆ ಬಿಸಿಲಲ್ಲಿ ಮನೆ ಮನೆ ತಿರುಗಿದವರು, ಬೂತ್ ಏಜೆಂಟ್ ಕೂತವರು. "ತುಳಸಿ ಕಟ್ಟೆ ಒಡಿಸ್ತೀಯೇನೇ?" ಅಂತ ಅಷ್ಟೇ ಕೇಳಿದರು. ನಾನು ಜೆಇ ಅವರಿಗೆ ಫೋನ್ ಮಾಡಿ, ಅಲ್ಲಿ ಸದ್ಯಕ್ಕೆ ಪೈಪ್ ಹಾಕಿ ಅಂದೆ. ಮಳಿಗೆ ಹರಾಜು ಮುಂದೂಡಿದವರ ಬಗ್ಗೆ ಮೇಲೆ ಬರೆದೆನಲ್ಲ, ಅದೇ ಸಾಲಿಗೆ ನಾನೂ ಸೇರಿದ್ದು ಹೀಗೆ.

2023ರಲ್ಲಿ ಮೊದಲ 30 ತಿಂಗಳ ಅಧ್ಯಕ್ಷರ ಅವಧಿ ಮುಗಿದು ಮತ್ತೆ ಮೀಸಲಾತಿ ಪಟ್ಟಿ ಇಲ್ಲದೆ ವರ್ಷಕ್ಕಿಂತ ಜಾಸ್ತಿ ಆಡಳಿತಾಧಿಕಾರಿ ಬಂದರು. 2024ರಲ್ಲಿ ಎರಡನೇ ಅವಧಿ ಶುರುವಾಗಿ, 2025ರ ಕೊನೆಗೆ ನಮ್ಮದು ಮುಗಿಯಿತು. ಮೊಬೈಲ್ ಅಂಗಡಿ ಹುಡುಗನ ಕೆರೆ ರಸ್ತೆ ಆಗಿದೆ, ಮಾತು ಉಳಿಸಿಕೊಂಡೆ. ಹೊಲಿಗೆಗೆ ವಾಪಸ್ ಬಂದಿದ್ದೇನೆ. ಹನ್ನೊಂದು ಮನೆಗೆ ಈಗ ನೀರು ನುಗ್ಗುವುದಿಲ್ಲ. ಜೋರು ಮಳೆ ಬಂದರೆ ಮಾತ್ರ ಆ ಮೆಟ್ಟಿಲಿನ ಕೆಳಗಿನ ಎರಡು ಸಿಮೆಂಟ್ ಪೈಪಿಗೆ ಕಸ ಸಿಕ್ಕಿ ನೀರು ಕಟ್ಟುತ್ತದೆ. ಆಗ ನಾನೂ ಆ ಮನೆಯವರೂ ಬಿದಿರು ಕೋಲು ಹಿಡಿದು, ಮಾತಿಲ್ಲದೆ, ಆ ಕಡೆಯಿಂದ ಒಬ್ಬರು ಈ ಕಡೆಯಿಂದ ಒಬ್ಬರು ತಿವಿಯುತ್ತೇವೆ.